ಚಪ್ಪಲಿ ಹುಡುಕಿಸುವ ಹಾಡು

ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ‘ಗೃಹಿಣಿ’ ಎಂದು ಬರೆದಿದೆ. ಅದು ಸುಳ್ಳಲ್ಲ. ಆದರೆ ಪುತ್ತೂರು, ಸುಳ್ಯ, ಕಡಬ ಈ ಮೂರು ಕಡೆಯ ನಮ್ಮ ಬ್ಯಾರಿ ಮದುವೆಮನೆಗಳಲ್ಲಿ ಹೆಂಗಸರ ಕಡೆಯ ಮೈಲಾಂಜಿಗೆ, ಅಂದರೆ ಮೆಹಂದಿ ಹಚ್ಚುವ ಸಂಜೆಗೆ, ಹಾಡು ಹಾಕುವ ಕೆಲಸವನ್ನು ಇಪ್ಪತ್ತೆಂಟು ವರ್ಷ ಮಾಡಿದ್ದೇನೆ. ಹೋದ ರಂಜಾನಿನ ನಂತರ ಬಿಟ್ಟೆ. ಎಡಭುಜ ಮೇಲೇಳುವುದಿಲ್ಲ. ಸ್ಪೀಕರಿನ ಪಕ್ಕದಲ್ಲೇ ಕೂತು ಕೂತು ಬಲಗಿವಿ ಮಂದವಾಗಿದೆ. ಎಡಗಿವಿ ಚೆನ್ನಾಗಿದೆ, ಅಲ್‌ಹಮ್ದುಲಿಲ್ಲಾಹ್. ನಮಾಜಿಗೆ ಕರೆಯುವ ಬಾಂಗ್ ಕೇಳಲು ಒಂದು ಕಿವಿ ಸಾಕು.

ಈಗ ನನ್ನ ತಮ್ಮನ ಮಗಳು ರಮ್ಲ ನನ್ನ ಹಾಡಿನ ಪೆಟ್ಟಿಗೆಯನ್ನು ವಹಿಸಿಕೊಂಡಿದ್ದಾಳೆ. ಅವಳ ಹಾಗೆ ಇನ್ನೂ ನಾಲ್ಕೈದು ಹುಡುಗಿಯರು ಈ ಕೆಲಸಕ್ಕೆ ಇಳಿದಿದ್ದಾರೆ ಎಂದು ಕೇಳಿ ಸಂತೋಷವಾಯಿತು. ಮೊದಲ ಹಾಡು ಯಾವುದು ಎಂದು ಅವರು ಯಾರೂ ಕೇಳುವುದಿಲ್ಲ. ಅದರಲ್ಲಿ ಕೇಳಲು ಏನಿದೆ, ಜೋರಾಗಿದ್ದರೆ ಆಯಿತು. ರಮ್ಲ ಕೇಳಿದ್ದು ಒಂದೇ ಪ್ರಶ್ನೆ.

“ಮಾಮಿ, ಕಡೇಗೆ ಎಂತ ಹಾಕುದು?”

ಬುದ್ಧಿವಂತೆ. ಈ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲೇ. ಗುಂಡ್ಯದ ಹತ್ತಿರದ ಒಂದು ಮನೆಯಲ್ಲಿ ನಾಲ್ಕು ಹುಡುಗಿಯರ ಮೈಲಾಂಜಿಯ ಹಾಡು ನಾನು ಹಾಕುವ ಒಂದು ಕೊನೆಯ ಹಾಡಿನ ಮೇಲೆ ನಿಂತಿತ್ತು. ಅವಳಿಗೆ ಉತ್ತರವಾಗಿ ಆ ಮನೆಯ ವಿಷಯವನ್ನೇ ಬರೆಯಬೇಕು. ಆದರೆ ನಾನು ಆ ಮನೆಗೆ ಹೋದದ್ದು ಬರಿಗೈಯಲ್ಲಿ ಅಲ್ಲ, ಹತ್ತಾರು ವರ್ಷಗಳ ತಪ್ಪುಗಳನ್ನು ಮಡಿಲಲ್ಲಿ ಕಟ್ಟಿಕೊಂಡು. ಅವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮವರು ಹಮೀದ್. ನರಿಮೊಗರಿನಲ್ಲಿ ಅವರದು ಮೈಕ್ ಸೆಟ್ಟಿನ ಅಂಗಡಿ. ಮದುವೆಮನೆಯ ಹೆಂಗಸರ ಕಡೆಗೆ ಗಂಡಸರು ಕಾಲಿಡುವ ಹಾಗಿಲ್ಲ. ಹಾಗಾಗಿ ಅವರು ಒಳಗೆ ಒಂದು ಸ್ಪೀಕರ್ ಬಾಕ್ಸ್ ಇಡಿಸಿ, ವಯರನ್ನು ಕಿಟಕಿಯಿಂದ ಹೊರಗೆ ಎಳೆದು, ತಾವು ಅಂಗಳದಲ್ಲಿ ಕೂತು ಕ್ಯಾಸೆಟ್ ಹಾಕುತ್ತಿದ್ದರು. ಒಳಗಿನವರಿಗೆ ಹಾಡು ಬದಲಿಸಬೇಕಾದರೆ ವಯರನ್ನು ಒಮ್ಮೆ ಎಳೆಯುವುದು, ನಿಲ್ಲಿಸಬೇಕಾದರೆ ಎರಡು ಸಲ ಎಳೆಯುವುದು ಎಂದು ಲೆಕ್ಕ. ಒಂದು ಸಲ ಸುಳ್ಯದಲ್ಲಿ ಉತ್ಸಾಹದ ಹೆಂಗಸೊಬ್ಬಳು ಬಾವಿಯಿಂದ ಕೊಡ ಎಳೆದ ಹಾಗೆ ಎಳೆದಳು. ಆಂಪ್ಲಿಫೈಯರ್ ಮೇಜಿನಿಂದ ಹಾರಿ ಕಿಟಕಿಯ ಸರಳಿಗೆ ಬಡಿಯಿತು. ಯಾರ ತಲೆಯ ಮೇಲೂ ಬೀಳಲಿಲ್ಲ, ಅದೇ ದೊಡ್ಡದು. ಮರುದಿನ ಗಂಜಿ ಊಟ ಮಾಡುತ್ತ ಇವರು, ಇನ್ನು ಒಳಗೆ ನೀನೇ ಕೂರು ಎಂದರು. ನನಗೆ ನೇಮಕದ ಪತ್ರ ಅಂತ ಬಂದದ್ದು ಇಷ್ಟೇ.

ನನಗೆ ಟೇಪಿನ ಗುಂಡಿ ಒತ್ತುವುದು ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಯಂತ್ರ ಕೆಟ್ಟರೆ ಇವರು ಒಳಗೆ ಬರುವ ಹಾಗಿಲ್ಲ, ನಾನು ಯಂತ್ರ ಹೊತ್ತು ಹೊರಗೆ ಹೋಗುವ ಹಾಗಿಲ್ಲ. ಕಿಟಕಿಯ ಪರದೆಯ ಆಚೆಯಿಂದ ಪಾಠ ನಡೆಯುತ್ತಿತ್ತು.

“ಕೆಂಪು ವಯರ್ ಉಂಟಲ್ಲ, ಅದನ್ನು ಬಿಚ್ಚು.”

“ಎರಡು ಕೆಂಪು ಉಂಟು.”

“ಒಂದು ಕೆಂಪೇ ಇರುದು ಮಾರಾಯ್ತಿ.”

“ಹಾಗಾದ್ರೆ ನೀವು ಬಂದು ನೋಡಿ.”

ಬರಲಾಗದ ಮನುಷ್ಯನಿಗೆ ಹೀಗೆ ಹೇಳುವುದು ಸರಿಯಲ್ಲ ಎಂದು ಈಗ ಅನಿಸುತ್ತದೆ. ಆದರೆ ಆ ಕಿಟಕಿಯ ಪಾಠದಿಂದಲೇ ನಾನು ಬೆಸುಗೆ ಹಾಕಲು, ಫ್ಯೂಸ್ ಬದಲಿಸಲು ಕಲಿತೆ. ಗುರುವಿಗೆ ಶಿಷ್ಯೆಯ ಕೈ ಕಾಣುವುದಿಲ್ಲ ಎಂದರೆ ಅವನು ಸರಿಯಾಗಿ ವಿವರಿಸಲೇಬೇಕಾಗುತ್ತದೆ.

ಇನ್ನು ಕೊನೆಯ ಹಾಡು. ನಮ್ಮ ಮನೆಯಲ್ಲಿ ಇದಕ್ಕೆ ಚಪ್ಪಲಿ ಹಾಡು ಎಂದೇ ಹೆಸರು. ಹೆಂಗಸರು ಕುಣಿತ ನಿಲ್ಲಿಸಿ, ಸೊಂಟದಲ್ಲಿ ಇನ್ನೂ ಸ್ವಲ್ಪ ತಾಳ ಉಳಿದಿರುವಾಗಲೇ ಬಾಗಿಲ ಬಳಿಗೆ ಹೋಗಿ ತಮ್ಮ ತಮ್ಮ ಚಪ್ಪಲಿ ಹುಡುಕಬೇಕು. ಜೋರಿನ ಹಾಡು ಹಾಕಿದರೆ ‘ಇನ್ನೊಂದು, ಇನ್ನೊಂದು’ ಎಂದು ಮುತ್ತಿಗೆ ಹಾಕುತ್ತಾರೆ. ತೀರ ಮೆಲ್ಲನೆಯದು ಹಾಕಿದರೆ ಯಾರಿಗೋ ಸಿಟ್ಟು ಬಂದಿದೆ ಎಂದು ತಿಳಿಯುತ್ತಾರೆ. ಹಾಡು ಹಾಕದೆ ಸುಮ್ಮನೆ ಸ್ವಿಚ್ ಆರಿಸಿದರೆ ಕರೆಂಟು ಹೋಯಿತು ಎಂದುಕೊಂಡು ಬರುವ ತನಕ ಕಾಯುತ್ತ ಕೂರುತ್ತಾರೆ. ಇದನ್ನೂ ಮಾಡಿ ನೋಡಿದ್ದೇನೆ.

ನನ್ನ ಮೊದಲ ದೊಡ್ಡ ತಪ್ಪು ಭಕ್ತಿಯದು. ದೇವರ ಹಾಡು ಹಾಕಿದರೆ ಕುಣಿತ ತಾನಾಗಿ ನಿಲ್ಲುತ್ತದೆ, ಪುಣ್ಯವೂ ಬರುತ್ತದೆ ಎಂದು ಲೆಕ್ಕ ಹಾಕಿ ಪ್ರವಾದಿಯವರ ಸ್ತುತಿಯ ಒಂದು ಹಾಡು ಹಾಕಿದೆ. ಕುಣಿತ ನಿಂತಿತು, ನಿಜ. ಎಲ್ಲರೂ ತಲೆಗೆ ಸೆರಗು ಹೊದ್ದು ಕೂತುಬಿಟ್ಟರು. ಹಿರಿಯರೊಬ್ಬರು ಕೈಯೆತ್ತಿ ದುಆ ಶುರು ಮಾಡಿದರು. ತೀರಿಕೊಂಡವರ, ಕಾಯಿಲೆಯವರ, ಗಲ್ಫಿನಲ್ಲಿರುವವರ ಹೆಸರು ಒಂದೊಂದಾಗಿ ಬಂದವು. ಅಷ್ಟು ಹೊತ್ತಿಗೆ ಬಿರಿಯಾನಿ ತಣ್ಣಗಾಗಿ, ಅಡಿಗೆಯ ಹೆಂಗಸು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ದುಆ ಮಾಡಿದ್ದಕ್ಕೆ ಬೇಸರವಿಲ್ಲ. ಆದರೆ ಆ ದಿನ ನನಗೇ ನಾಚಿಕೆಯಾಯಿತು. ಅಲ್ಲಾಹನ ಹೆಸರನ್ನು ಜನರನ್ನು ಹೊರಗೆ ಗುಡಿಸುವ ಹಿಡಿಸೂಡಿ ಮಾಡಬಾರದು.

ಎರಡನೆಯದು ಅದಕ್ಕಿಂತ ಕೆಟ್ಟದ್ದು. ಕಡಬದ ಒಂದು ಮನೆಯಲ್ಲಿ, ಮಗಳು ತವರು ಬಿಟ್ಟು ಹೋಗುವ ಹಾಡನ್ನು ಕಡೆಗೆ ಹಾಕಿದೆ. ಹಾಡು ಚೆನ್ನಾಗಿತ್ತು. ತೀರ ಚೆನ್ನಾಗಿತ್ತು. ಮದುಮಗಳು ಬಿಕ್ಕಿ ಬಿಕ್ಕಿ ಅತ್ತಳು, ಅತ್ತವಳು ಎರಡೂ ಅಂಗೈಗಳಿಂದ ಮುಖ ಒರಸಿಕೊಂಡಳು. ಅಂಗೈ ತುಂಬ ಹಸಿ ಮೈಲಾಂಜಿ! ಮರುದಿನ ಮದುವೆಯಲ್ಲಿ ಅವಳ ಎರಡು ಕೆನ್ನೆಗಳ ಮೇಲೆ ಕಿತ್ತಳೆ ಬಣ್ಣದ ಐದೈದು ಬೆರಳು. ಎಷ್ಟು ಪೌಡರ್ ಬಳಿದರೂ ಹೋಗಲಿಲ್ಲ. ಮದುಮಗ ಒಳ್ಳೆಯವನು, ನಕ್ಕುಬಿಟ್ಟನಂತೆ. ಅವಳಿಗೀಗ ಮೂರು ಮಕ್ಕಳು. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ನೋಡಿ ಕೆನ್ನೆ ಮುಚ್ಚಿಕೊಳ್ಳುತ್ತಾಳೆ. ಅಂದಿನಿಂದ ಮೈಲಾಂಜಿ ಒಣಗುವ ತನಕ ಅಳಿಸುವ ಹಾಡು ಹಾಕಿಲ್ಲ.

ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ಆಮೇಲೆ ಎಲ್ಲ ಹಾಡೂ ಫೋನಿನಲ್ಲೇ ಬಂತು. ಕ್ಯಾಸೆಟ್ಟಿನ ಕಾಲದಲ್ಲಿ ಹಾಡು ಹುಡುಕಲು ಪೆನ್ಸಿಲ್ ತಿರುಗಿಸುತ್ತ ಕೂರಬೇಕಿತ್ತು. ಈಗ ಬೆರಳು ತಾಗಿದರೆ ಸಾಕು. ಆದರೆ ಹುಡುಗಿಯರೇ, ಒಂದು ಮಾತು ನೆನಪಿಡಿ. ಹೆಂಗಸರ ಕಡೆಯಲ್ಲಿ ಯಾರೂ ಫೋಟೋ ತೆಗೆಯಬಾರದೆಂದು ಬಂದವರ ಫೋನನ್ನೆಲ್ಲ ಒಂದು ಬಕೆಟ್ಟಿನಲ್ಲಿ ಹಾಕಿಸುತ್ತೇವಲ್ಲ, ಅದಕ್ಕೆ ಬೀಳದ ಒಂದೇ ಫೋನು ನನ್ನದು. ಒಂದು ದಿನ ಹಾಡಿನ ಮಧ್ಯೆ ಕರೆ ಬಂತು. ಕತ್ತರಿಸಲು ಹೋಗಿ ಎತ್ತಿಬಿಟ್ಟೆ. ಎರಡು ದೊಡ್ಡ ಬಾಕ್ಸುಗಳಲ್ಲಿ ನಮ್ಮವರ ಸ್ವರ ಗುಡುಗಿತು: “ನಫೀಸಾ, ಬಂಗುಡೆಗೆ ಉಪ್ಪು ಹಾಕಿದ್ದೀಯಾ?” ಗಂಡಸಿನ ಸ್ವರ ಕೇಳಿ ಅರವತ್ತು ಹೆಂಗಸರು ಒಟ್ಟಿಗೆ ಸೆರಗು ಎಳೆದುಕೊಂಡರು. ಒಬ್ಬಳು ಕುರ್ಚಿಯ ಹಿಂದೆ ಕೂತಳು. ಫೋನನ್ನು ವಿಮಾನದ ಚಿಹ್ನೆಗೆ ಹಾಕದೆ ಹಾಡು ಶುರು ಮಾಡಬೇಡಿ.

ಈಗ ಗುಂಡ್ಯದ ಮನೆ.

ಮನೆಯ ಯಜಮಾನರನ್ನು ಎಲ್ಲರೂ ಹಾಜಿಯಾರ್ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಕರಿಮೆಣಸಿನ ವ್ಯಾಪಾರದವರು. ಬಾಯಿ ಬಿಗಿ, ಮಾತು ಕಡಿಮೆ. ಹಿಂದೆ ಅವರ ಮಗನ ಮದುವೆಯಲ್ಲಿ ಹಾಡು ಹೊತ್ತು ಮೀರಿ ನಡೆದು, ನೆರೆಮನೆಯಲ್ಲಿ ಕಾಯಿಲೆ ಬಿದ್ದಿದ್ದ ಹಿರಿಯರೊಬ್ಬರಿಗೆ ಕಷ್ಟವಾಗಿತ್ತು. ಹಾಜಿಯಾರ್ ಹೋಗಿ ಕ್ಷಮೆ ಕೇಳಿ ಬಂದವರು, ಇನ್ನು ಈ ಮನೆಯಲ್ಲಿ ಬಾಕ್ಸ್ ಇಡುವುದಿಲ್ಲ ಎಂದು ಹೇಳಿಬಿಟ್ಟರು. ಅವರ ಮಾತಿನಲ್ಲಿ ನ್ಯಾಯವಿತ್ತು, ಇಲ್ಲವೆನ್ನಲಾರೆ. ಆದರೆ ಮನೆಯಲ್ಲಿ ನಾಲ್ಕು ಮೊಮ್ಮಕ್ಕಳು, ನಾಲ್ವರೂ ಹುಡುಗಿಯರು. ದೊಡ್ಡವಳು ಶಮೀಮ. ಮದುವೆ ನಿಶ್ಚಯವಾದ ಮೇಲೆ ಅವಳು ಅಜ್ಜನ ಹಿಂದೆ ಮುಂದೆ ಸುತ್ತಿ, ಕಾಲು ಒತ್ತಿ, ಕನ್ನಡಕ ಒರಸಿ ಕೊಟ್ಟು, ಕೊನೆಗೆ ಒಪ್ಪಿಸಿದಳು. ಒಪ್ಪಿಗೆಯ ಜೊತೆ ಒಂದು ಶರತ್ತು ಬಂತು. ಶಮೀಮಳ ತಾಯಿ ರುಖಿಯ ಅದನ್ನು ನನಗೆ ಫೋನಿನಲ್ಲಿ ಹಾಗೆಯೇ ಒಪ್ಪಿಸಿದಳು.

“ರಾತ್ರಿ ಇಶಾ ಬಾಂಗ್ ಆಗುವ ಮೊದ್ಲು ಹೆಂಗಸರು ತಾವಾಗಿ ಎದ್ದು ಹೋಗ್ಬೇಕು. ಮಾವ ಬಂದು ನಿಲ್ಲಿಸುವ ಹಾಗೆ ಆದ್ರೆ ಉಳಿದ ಮೂವರಿಗೆ ಹಾಡೇ ಇಲ್ಲ ಅಂತ. ನಫೀಸಮ್ಮ, ಸಣ್ಣವಳು ಈಗಲೇ ಅಳ್ಲಿಕ್ಕೆ ಶುರು ಮಾಡಿದ್ದಾಳೆ.”

‘ತಾವಾಗಿ’ ಎನ್ನುವ ಮಾತೇ ನನ್ನನ್ನು ಹೆದರಿಸಿತು. ಎಂಬತ್ತು ಹೆಂಗಸರು ತಾವಾಗಿ ಎದ್ದು ಹೋಗುವುದನ್ನು ನಾನು ನೋಡಿದ್ದು ಮಳೆ ಬಂದಾಗ ಮಾತ್ರ, ಒಣಗಲು ಹಾಕಿದ ಅಡಿಕೆ ನೆನಪಾಗಿ.

ನನ್ನದೊಂದು ಅಭ್ಯಾಸವಿತ್ತು. ಹಿಂದಿನ ದಿನ ಪ್ಲಗ್ಗು ನೋಡುವ ನೆಪದಲ್ಲಿ ಹೋಗಿ ಅಡಿಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವುದು. ಮನೆಯ ಅತಿ ಹಿರಿಯ ಹೆಂಗಸಿನ ಪಕ್ಕದಲ್ಲೇ ಕೂರಬೇಕು. ನಿಮ್ಮ ಕಾಲದಲ್ಲಿ ಏನು ಹಾಡುತ್ತಿದ್ದಿರಿ ಎಂದು ಕೇಳಬೇಕು. ಯಾವ ಮನೆಗೆ ಯಾವ ಹಾಡು ಒಗ್ಗುತ್ತದೆಂದು ಫೋನಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಬೆಳ್ಳುಳ್ಳಿಯ ಸಿಪ್ಪೆಯ ಮಧ್ಯೆ ಸಿಗುತ್ತದೆ.

ಅಲ್ಲಿ ಹಿರಿಯರೆಂದರೆ ಹಾಜಿಯಾರರ ಹೆಂಡತಿ ಬೀಪಾತುಮ್ಮ. ಹಾಡಿ ಎಂದದ್ದಕ್ಕೆ ಬಾಯಿ ತೆರೆದು ತೋರಿಸಿದರು.

“ಎಂತ ಹಾಡುದು ಮಾರಾಯ್ತಿ, ಎರಡು ಹಲ್ಲು ಉಂಟು. ಬಾಯಿ ತೆರೆದ್ರೆ ಗಾಳಿಯೇ ಮುಂದೆ ಹೋಗುದು, ಪಾಟ್ ಹಿಂದೆ ಉಳಿಯುದು.”

ಆದರೂ ಮಾತು ಬಿಚ್ಚಿದರು. ಅವರ ಕಾಲದಲ್ಲಿ ಕೈತಟ್ಟಿ ಹಾಡುವ ಪಾಟ್‌ಗಳು, ಅಂದರೆ ನಮ್ಮ ಬ್ಯಾರಿ ಹಾಡುಗಳು, ಇದ್ದವು. ಹೆಂಗಸರು ವೃತ್ತವಾಗಿ ನಿಂತು ಪಕ್ಕದವರ ಅಂಗೈಗೆ ಅಂಗೈ ತಟ್ಟುತ್ತ ಸುತ್ತುವುದು. ಕಡೆಯ ಪಾಟ್ ಬಂದಾಗ ಬಾಗಿಲ ಹತ್ತಿರ ಇರುವವಳು ಪಕ್ಕದವಳ ಕೈ ಬಿಡುತ್ತಾಳೆ. ಅಲ್ಲಿಗೆ ವೃತ್ತ ಬಿಚ್ಚಿ ಸಾಲಾಗುತ್ತದೆ, ಸಾಲು ತಟ್ಟುತ್ತ ತಟ್ಟುತ್ತ ಬಾಗಿಲು ದಾಟುತ್ತದೆ. ಪಾಟ್ ಮುಗಿಯುವಾಗ ಒಳಗೆ ಉಳಿಯುವುದು ಮದುಮಗಳು ಮತ್ತು ಅವಳ ತಾಯಿ ಮಾತ್ರ. ಯಾರಿಗೂ ಹೋಗಿ ಎಂದು ಹೇಳುವ ಕೆಲಸವಿಲ್ಲ. ನನ್ನ ಕೈಯ ಬೆಳ್ಳುಳ್ಳಿ ಅಲ್ಲೇ ನಿಂತಿತು. ಇಪ್ಪತ್ತು ವರ್ಷ ನಾನು ತಡಕಾಡಿದ್ದನ್ನು ಹಳಬರು ಎಂದೋ ಮಾಡಿಟ್ಟಿದ್ದರು.

ಆ ಪಾಟ್ ಈಗ ಯಾರಿಗೆ ಬರುತ್ತದೆ ಎಂದು ಕೇಳಿದೆ. ಯಾರಿಗೂ ಬರುವುದಿಲ್ಲ, ಮುಂದೆ ನಿಂತು ಹಾಡುತ್ತಿದ್ದದ್ದು ತಾನೇ ಎಂದರು ಬೀಪಾತುಮ್ಮ. ಕಡೆಯದಾಗಿ ಹಾಡಿದ್ದು ಸುಳ್ಯದಲ್ಲಿ, ತಂಗಿಯ ಮಗಳ ಮದುವೆಯಲ್ಲಿ. ಆಗ ಯಾರೋ ಒಬ್ಬಳು ತೆಳ್ಳಗಿನ ಹೆಂಗಸು ಟೇಪು ಹಿಡಿದು ಕೂತಿದ್ದಳು, ಹಾಡಿನ ಮಧ್ಯೆ ಕೋಳಿಯೊಂದು ಒಳಗೆ ನುಗ್ಗಿ ಕೂಗಾಡಿತ್ತು ಎಂದು ನಕ್ಕರು.

ಆ ತೆಳ್ಳಗಿನ ಹೆಂಗಸು ನಾನೇ. ಈಗ ನೋಡಿದರೆ ಯಾರೂ ನಂಬುವುದಿಲ್ಲ. ಅಂಗಡಿಯ ಕ್ಯಾಸೆಟ್ಟಿನಲ್ಲಿ ನಮ್ಮ ಹೆಂಗಸರ ಪಾಟ್ ಸಿಗುತ್ತಿರಲಿಲ್ಲವೆಂದು ಆ ಕಾಲದಲ್ಲಿ ಕಂಡಲ್ಲೆಲ್ಲ ಟೇಪ್ ಮಾಡುತ್ತಿದ್ದೆ. ಆ ಕ್ಯಾಸೆಟ್ಟಿನ ಮೇಲೆ ‘ಸುಳ್ಯ, ಕೋಳಿ ಉಂಟು’ ಎಂದು ಬರೆದ ನೆನಪೂ ಇತ್ತು. ನಮ್ಮವರು ಹಳೆಯದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದರು. ಅಂದರೆ ಬೀಪಾತುಮ್ಮನ ಹಲ್ಲೆಲ್ಲ ಇದ್ದ ಕಾಲದ ಸ್ವರ ನನ್ನ ಬ್ಯಾಗಿನಲ್ಲಿ ಭದ್ರವಾಗಿತ್ತು. ಇದು ಅಲ್ಲಾಹನ ಉಪಕಾರವಲ್ಲದೆ ಬೇರೆ ಏನು?

ಆದರೆ ಹಾಕುತ್ತೇನೆ ಎಂದಾಗ ಅವರ ನಗು ಹೋಯಿತು.

“ಬೇಡ ನಫೀಸ. ಅವರಿಗೆ ಕೇಳ್ತದೆ.”

“ಹಾಜಿಯಾರ್ ಬೈತಾರಾ?”

“ಗೊತ್ತಿಲ್ಲ. ಮದುವೆಯಾಗಿ ಐವತ್ತೆರಡು ವರ್ಷ ಆಯ್ತು. ನಾನು ಹಾಡಿದ್ದೆಲ್ಲ ಹೆಂಗಸರ ಕಡೆ, ಅವರು ಕೂತದ್ದೆಲ್ಲ ಗಂಡಸರ ಕಡೆ. ನಾನು ಹಾಡುವವಳು ಅಂತಲೇ ಅವರಿಗೆ ಗೊತ್ತಿಲ್ಲ.”

ನಾನು ಒತ್ತಾಯಿಸಲಿಲ್ಲ. ಒಬ್ಬರ ಸ್ವರ ಅವರದೇ ಸೊತ್ತು. ಅಷ್ಟರಲ್ಲಿ ನಾಲ್ಕನೆಯ ಮೊಮ್ಮಗಳು ಅಳುತ್ತ ಬಂದು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಳು. ಬೀಪಾತುಮ್ಮ ಅವಳ ಕೂದಲು ಸರಿ ಮಾಡಿದರು. ಆಮೇಲೆ, ಹಾಕು, ಆದರೆ ಹೆಸರು ಹೇಳಬಾರದು ಎಂದರು.

ಮರುದಿನ ಸಂಜೆ ಅಸರ್ ನಮಾಜಿನ ನಂತರ ಶುರು ಮಾಡಿ, ಸೂರ್ಯ ಮುಳುಗಿದಾಗ ಮಗ್ರಿಬ್‌ಗೆ ನಿಲ್ಲಿಸಿ, ಮತ್ತೆ ಹಾಕಿದೆ. ಹುಡುಗಿಯರು ನೆಲ ಅದುರುವ ಹಾಗೆ ಕುಣಿದರು. ಶಮೀಮಳ ಎರಡೂ ಕೈಗೆ ಹಸಿ ಮೈಲಾಂಜಿ, ತಟ್ಟುವ ಹಾಗಿಲ್ಲ, ಕೂತಲ್ಲೇ ಕಾಲು ಬಡಿಯುತ್ತಿದ್ದಳು. ಇಶಾಕ್ಕೆ ಹದಿನೈದು ನಿಮಿಷ ಉಳಿದಿರುವಾಗ ಇನ್ನು ಕಡೆಯದು ಎಂದೆ. ಗಲಾಟೆ ಎದ್ದಿತು. ಇನ್ನೂ ಮೂರು ಬೇಕೆಂದು ಒಬ್ಬಳು, ಐದು ಬೇಕೆಂದು ಇನ್ನೊಬ್ಬಳು. ನಾನು ಅಲ್ಲಾಹನ ಹೆಸರೆತ್ತಿ, ಬಿಸ್ಮಿ ಹೇಳಿ ಗುಂಡಿ ಒತ್ತಿದೆ.

ಮೊದಲು ಬಂದದ್ದು ಹಳೆಯ ಟೇಪಿನ ಸುಯ್ಯೆನ್ನುವ ಶಬ್ದ. ಹುಡುಗಿಯರು ಮುಖ ಸಿಂಡರಿಸಿದರು. ಸ್ಪೀಕರ್ ಹೋಯಿತಾ ಮಾಮಿ ಎಂದು ಒಬ್ಬಳು ಕೇಳಿದಳು. ಆಗ ಸ್ವರ ಎದ್ದಿತು. ತೆಳುವಲ್ಲ, ದಪ್ಪವಲ್ಲ, ಹೊಸ ಹಗ್ಗದ ಹಾಗೆ ಗಟ್ಟಿಯಾದ ಸ್ವರ. ಗೋಡೆಗೆ ಒರಗಿದ್ದ ನಾಲ್ಕು ಹಿರಿಯ ಹೆಂಗಸರು ಯಾರೂ ಕರೆಯದೆ ಎದ್ದರು, ತಟ್ಟತೊಡಗಿದರು. ಹುಡುಗಿಯರು ಕೂಡಿಕೊಂಡರು. ಮಧ್ಯದಲ್ಲಿ ಕೋಳಿ ಕೂಗಿತು, ನಗು ಹಾರಿತು, ತಾಳ ಮಾತ್ರ ತಪ್ಪಲಿಲ್ಲ. ಕಡೆಯ ಸಾಲು ಬಂದಾಗ ಬಾಗಿಲ ಬಳಿಯ ಹಿರಿಯಾಕೆ ಪಕ್ಕದ ಹುಡುಗಿಯ ಕೈ ಬಿಟ್ಟಳು. ವೃತ್ತ ಬಿಚ್ಚಿತು. ಎಂಬತ್ತು ಹೆಂಗಸರು ತಟ್ಟುತ್ತ, ಕುಲುಕುತ್ತ, ಹೊಸ್ತಿಲು ದಾಟಿ ಜಗಲಿಗೆ ಹೋಗಿ ತಮ್ಮ ತಮ್ಮ ಚಪ್ಪಲಿಗೆ ಬಗ್ಗಿದರು. ಬಾಂಗ್‌ಗೆ ಇನ್ನೂ ಆರು ನಿಮಿಷವಿತ್ತು. ಇಂಥ ಆರು ನಿಮಿಷ ನನ್ನ ಕೆಲಸದಲ್ಲಿ ಮತ್ತೆ ಸಿಕ್ಕಿಲ್ಲ.

ಅಷ್ಟರಲ್ಲಿ ರುಖಿಯ ಅಡಿಗೆಮನೆಯ ಬಾಗಿಲಿನಿಂದ ಬಿಳಿಚಿಕೊಂಡ ಮುಖದಲ್ಲಿ ಬಂದಳು. ಮಾವ ಕಿಟಕಿಯ ಹತ್ತಿರ ಬಂದು ನಿಂತಿದ್ದಾರೆ ಎಂದಳು. ಚಪ್ಪಲಿ ಹುಡುಕುತ್ತಿದ್ದವರೂ ಅಲ್ಲೇ ನಿಂತರು.

“ಎಂತ ಹೇಳಿದ್ರು?”

“ಮಧ್ಯೆ ಕೋಳಿ ಕೂಗ್ತದಲ್ಲ, ಆ ಹಾಡು ಚಂದ ಉಂಟಂತೆ. ಇನ್ನೊಮ್ಮೆ ಹಾಕ್ಲಿಕ್ಕೆ ಆಗ್ತದಾ ಅಂತ ಕೇಳ್ತಿದ್ದಾರೆ.”

ಎಲ್ಲರ ಕಣ್ಣೂ ಬೀಪಾತುಮ್ಮನ ಮೇಲೆ. ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದರು, ಹೆಗಲು ಮಾತ್ರ ಕುಣಿಯುತ್ತಿತ್ತು.

ರಮ್ಲ, ಇಲ್ಲಿ ಗಮನವಿಟ್ಟು ಓದು. ಕೊನೆಯ ಹಾಡನ್ನು ಎರಡು ಸಲ ಹಾಕಿದರೆ ಅದು ಕೊನೆಯದಾಗುವುದಿಲ್ಲ. ಹೆಂಗಸರು ಮತ್ತೆ ಒಳಗೆ ಬಂದರೆ ಬಾಂಗ್‌ಗೆ ಮೊದಲು ಹೊರಡುವುದಿಲ್ಲ, ಶರತ್ತು ಮುರಿಯುತ್ತದೆ. ಶರತ್ತು ಹಾಕಿದವರೇ ಅದನ್ನು ಮುರಿ ಎಂದು ಕೇಳುತ್ತಿದ್ದಾರೆ. ಕೇಳಿದವರು ಮನೆಯ ಯಜಮಾನರು, ಇಲ್ಲವೆನ್ನುವುದು ಹೇಗೆ? ನನಗೆ ಆಗ ಮಾತು ಹೊಳೆದದ್ದು ನನ್ನ ಜಾಣತನದಿಂದಲ್ಲ, ಅಲ್ಲಾಹನ ದಯೆಯಿಂದ.

“ಈ ಹಾಡು ಒಂದು ಮೈಲಾಂಜಿಗೆ ಒಂದೇ ಸಲ ಅಂತ ಹೇಳು. ಎರಡನೇ ಮೊಮ್ಮಗಳ ಮೈಲಾಂಜಿಗೆ ಮತ್ತೆ ಹಾಕ್ತೇನೆ, ಇನ್‌ಷಾ ಅಲ್ಲಾಹ್.”

ರುಖಿಯ ಹೋದಳು. ಕಿಟಕಿಯ ಆಚೆ ಒಂದು ಕೆಮ್ಮು ಕೇಳಿಸಿತು. ಆಮೇಲೆ ಹಾಜಿಯಾರರ ಸ್ವರ, ಕಿಟಕಿಯ ಮೂಲಕ ನೇರವಾಗಿ: “ಆಯ್ತು. ಮರೀಬಾರ್ದು.”

ಮೂವರು ತಂಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಸಣ್ಣವಳು ಮತ್ತೆ ಅತ್ತಳು, ಈ ಸಲ ಬೇರೆ ಕಾರಣಕ್ಕೆ.

ಎರಡನೆಯವಳ ಮೈಲಾಂಜಿಗೆ ಹಾಕಿದೆ, ಮೂರನೆಯವಳದಕ್ಕೂ ಹಾಕಿದೆ. ಪ್ರತಿ ಸಲವೂ ಕಿಟಕಿಯ ಆಚೆ ಒಂದು ಕುರ್ಚಿ ಎಳೆದ ಶಬ್ದ ಮುಂಚಿತವಾಗಿ ಕೇಳುತ್ತಿತ್ತು. ಯಾರ ಸ್ವರ ಎಂದು ಹಾಜಿಯಾರ್ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಾಲ್ಕನೆಯವಳದು ಹೋದ ವರ್ಷ. ನನ್ನ ಕೊನೆಯ ಕೆಲಸವೂ ಅದೇ. ಕೋಳಿ ಕೂಗಿತು, ವೃತ್ತ ಬಿಚ್ಚಿತು, ಹೆಂಗಸರು ಜಗಲಿಗೆ ಹೋದರು. ಬೀಪಾತುಮ್ಮ ಮಂಡಿ ನೋವಿನಿಂದ ಕುರ್ಚಿಯಲ್ಲೇ ಕೂತಿದ್ದರು. ಅಡಿಗೆಮನೆಯ ಬಾಗಿಲಿನಿಂದ ರುಖಿಯ ಒಂದು ಲೋಟ ಲಿಂಬೆ ಶರಬತ್ತು ಹಿಡಿದು ಬಂದಳು. ನನಗೆಂದು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋದಳು.

“ಮಾವ ಕಳಿಸಿದ್ದು,” ಎಂದಳು ಅತ್ತೆಗೆ. “ಹಾಡಿದವರ ಗಂಟಲು ಒಣಗಿರಬಹುದಂತೆ.”

ಬೀಪಾತುಮ್ಮ ಲೋಟವನ್ನು ಒಂದು ಕ್ಷಣ ನೋಡಿದರು. ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಸ್ಮಿ ಹೇಳಿ, ಅವಸರವಿಲ್ಲದೆ ಕೊನೆಯ ಗುಟುಕಿನವರೆಗೂ ಕುಡಿದರು. ಖಾಲಿ ಲೋಟವನ್ನು ಸೊಸೆಯ ಕೈಗೆ ಕೊಟ್ಟು, ಕಿಟಕಿಗೆ ಕೇಳುವಷ್ಟು ಜೋರಾಗಿ ಹೇಳಿದರು:

“ಸಕ್ಕರೆ ಸಾಲದು ಅಂತ ಹೇಳು.”